ಐದು ಸಲ ಚಾಂಪಿಯನ್ ಆಗಿದ್ದ ಡೆಂಪೊ ಹಿಂಗ್ಯಾಕ ಆತು? ಗಣಿ ಬಂದ್ ಆಗಿದ್ದಕ್ಕ ಏನ್ರಿ?

ಬೈನಾ_ಬಾಗಲಕೋಟಿ

ನಮಸ್ಕಾರ್ರಿ ಎಲ್ಲಾರಿಗೂ. ಹುಟ್ಟಿದ್ದು ಬಾಗಲಕೋಟಿ ಕಡೆ, ಬೆಳದದ್ದೆಲ್ಲಾ ವಾಸ್ಕೋದಾಗ. ನಮ್ಮಪ್ಪಾರು ಅದಿರು ಟ್ರಕ್ ಹೊಡೀತಿದ್ರು, ಲೋಡಿಂಗ್ ಲೈನಿನ್ಯಾಗ ತಾಸುಗಟ್ಲೆ ನಿಲ್ಲಬೇಕಾಗ್ತಿತ್ತು, ಅಲ್ಲಿ ಗೋವಾದ ಡ್ರೈವರ್‌ಗಳ ಬಾಯಾಗ ಬರೀ ಫುಟ್ಬಾಲ್, ಅದನ್ನ ಕೇಳಿ ಕೇಳಿ ಕ್ರಿಕೆಟ್ ಬಿಟ್ರ ಬ್ಯಾರೆ ಆಟ ಗೊತ್ತಿಲ್ಲದ ಮನುಷ್ಯಾ ಗೋವಾದ ಡೆಂಪೊ ಫುಟ್ಬಾಲ್ ಕ್ಲಬ್ಬಿನ ಫ್ಯಾನ್ ಆದ್ರು. ಆ ಟೀಮಿನ ಆಟಗಾರರ ಹೆಸರು, ರಾಂಟಿ, ಬೆಟೊ, ಕ್ಲಿಫರ್ಡ್ ಮಿರಾಂಡಾ ಅಂತ ನಮ್ಮ ಮನ್ಯಾಗ ಬೀಗರ ಹೆಸರು ಹೇಳಿದಂಗ ಹೇಳ್ತಿದ್ರು.

ಮೊನ್ನೆ ಆಫೀಸಿನ್ಯಾಗ ಕೋಲ್ಕತ್ತಾದ ಹುಡುಗ ಒಬ್ಬ "ಗೋವಾದಾಗ ಇರೋದು ಒಂದ ಕ್ಲಬ್, ಎಫ್‌ಸಿ ಗೋವಾ" ಅಂದ. ನಾ ಡೆಂಪೊ ಹೆಸರು ಹೇಳಿದ್ರ ಅದೇನು ಕಂಪನಿ ಅಂತ ಕೇಳ್ತಾನ. 2004-05ರಿಂದ 2011-12ರ ತನಕ ಎಂಟು ಸೀಸನ್‌ದಾಗ ಐದು ಸಲ ದೇಶಕ್ಕ ಚಾಂಪಿಯನ್ ಆದ ಟೀಮ್ರಿ ಅದು! 2008ರಾಗ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್ ಮಟ ಹೋಗಿತ್ತು. ಅಂಥಾದ್ದು ಹತ್ತು ವರ್ಷದಾಗ ಹೆಸರಿಲ್ಲದಂಗ ಹೆಂಗ ಆತು? ಕ್ಲಬ್ಬಿನ ಮಾಲೀಕರು ಗಣಿ ನಡಸ್ತಿದ್ದ ಡೆಂಪೊ ಮನೆತನದವರು. ನಮ್ಮಪ್ಪಾರ ಪ್ರಕಾರ ಗಣಿ ಬಂದ್ ಆತು, ರೊಕ್ಕ ನಿಂತು, ಕ್ಲಬ್ ಮುಳುಗಿತು, ಅಷ್ಟ. ಖರೇನ?

ಕಾರವಾರದವ_ಮಡಗಾಂವ್

ನಿಮ್ಮ ಅಪ್ಪನ ಲೆಕ್ಕ ಕೇಳೋಕೆ ಸರಿ ಅನ್ಸುತ್ತೆ, ಆದ್ರೆ ತಾರೀಖು ಕೂಡೋದಿಲ್ಲ ಮಾರಾಯ್ರೆ. ಡೆಂಪೊದವ್ರು ತಮ್ಮ ಗಣಿ ಬಿಸಿನೆಸ್ಸನ್ನ 2009ರಲ್ಲೇ ಸೆಸಾ ಗೋವಾ ಕಂಪನಿಗೆ ಮಾರಿದ್ರು, 1,750 ಕೋಟಿಗೆ. ಗೋವಾದಲ್ಲಿ ಗಣಿ ನಿಂತಿದ್ದು 2012ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಮೊದಲು ಸರ್ಕಾರ ನಿಲ್ಲಿಸ್ತು ಆಮೇಲೆ ಸುಪ್ರೀಂ ಕೋರ್ಟು. ಅಂದ್ರೆ ಗಣಿ ಮಾರಿದ ಮೇಲೂ ಡೆಂಪೊ ಎರಡು ಸಲ ಲೀಗ್ ಗೆದ್ದಿದೆ. ಗೋವಾದ ಇನ್ನೊಂದು ಕ್ಲಬ್ ಸಾಲ್ಗಾಂವ್ಕರ್ ಬಗ್ಗೆ ಈ ಮಾತು ಹೇಳಿದ್ರೆ ಸ್ವಲ್ಪ ಒಪ್ಪಬಹುದು, ಅವ್ರ ಕೈಯಲ್ಲಿ ಗಣಿ ಇನ್ನೂ ಇತ್ತು.

ಮೊದಲು ಕೆಟ್ಟಿದ್ದು ಟೀಮು. ಕೋಚ್ ಅರ್ಮಾಂಡೊ ಕೊಲಾಸೊ ಕಟ್ಟಿದ್ದ ಟೀಮ್ ಹೇಗಿತ್ತು ಅಂದ್ರೆ, ಕ್ಲೈಮ್ಯಾಕ್ಸ್ ಲಾರೆನ್ಸ್, ಸಮೀರ್ ನಾಯ್ಕ್, ಮಹೇಶ್ ಗವಳಿ, ಕ್ಲಿಫರ್ಡ್ ಎಲ್ಲ ವರ್ಷಗಟ್ಟಲೆ ಒಟ್ಟಿಗೇ ಆಡಿದವ್ರು, ಒಬ್ಬನ ಕಾಲಿಗೆ ಬಾಲ್ ಬರೋಕೆ ಮುಂಚೆನೇ ಇನ್ನೊಬ್ಬ ಓಡೋಕೆ ಶುರು ಮಾಡ್ತಿದ್ದ. ಕ್ಲಿಫರ್ಡ್ ಎಡಗಡೆ ಲೈನಿಗೆ ಅಂಟಿಕೊಂಡು ನಿಂತು ತಲೆ ಎತ್ತಿ ಒಂದೇ ಒಂದು ಸಲ ನೋಡ್ತಿದ್ದ, ಮುಂದೆ ಬೆಟೊ, ಅವನ ಮುಂದೆ ರಾಂಟಿ. 2011-12ರಲ್ಲಿ ರಾಂಟಿ ಒಬ್ಬನೇ 32 ಗೋಲು ಹೊಡೆದ. ಆ ಸೀಸನ್ ಮುಗೀತಿದ್ದ ಹಾಗೆ ಅವನು ಕೋಲ್ಕತ್ತಾದ ಪ್ರಯಾಗ್ ಯುನೈಟೆಡ್‌ಗೆ ಹೋದ, ಬೆಟೊ ಚರ್ಚಿಲ್ ಬ್ರದರ್ಸ್ ಸೇರಿ ಅಲ್ಲಿ 2012-13ರ ಲೀಗ್ ಗೆದ್ದ. ಉಳಿದವ್ರಿಗೆ ಎಲ್ರಿಗೂ ಒಟ್ಟಿಗೇ ವಯಸ್ಸಾಯ್ತು. ಅರ್ಮಾಂಡೊನೂ 2013ರಲ್ಲಿ ಬಿಟ್ಟು ಹೋದ್ರು.

ಆಮೇಲೆ 2014ರ ಏಪ್ರಿಲ್. ಬೆಂಗಳೂರು ಎಫ್‌ಸಿ ಹುಟ್ಟಿ ಒಂದು ವರ್ಷವೂ ಆಗಿರ್ಲಿಲ್ಲ, ಮಡಗಾಂವ್‌ನ ಫತೋರ್ಡಾ ಸ್ಟೇಡಿಯಂಗೆ ಬಂದು ಡೆಂಪೊನ 4-2ರಲ್ಲಿ ಹೊಡೆದು ಅಲ್ಲೇ ಚಾಂಪಿಯನ್ ಆಗಿ ಹೋಯ್ತು. ನ್ಯಾಷನಲ್ ಲೀಗ್ ಜಾಗಕ್ಕೆ ದೇಶದ ಮೊದಲ ದರ್ಜೆ ಲೀಗಾಗಿ ಐ-ಲೀಗ್ ಶುರುವಾದ 2007ರಿಂದ ಆರು ವರ್ಷ ಕಪ್ಪು ಗೋವಾ ಬಿಟ್ಟು ಹೊರಗೆ ಹೋಗಿರ್ಲಿಲ್ಲ, ಡೆಂಪೊ ಮೂರು, ಚರ್ಚಿಲ್ ಎರಡು, ಸಾಲ್ಗಾಂವ್ಕರ್ ಒಂದು. ಅವತ್ತು ಸ್ಟ್ಯಾಂಡಲ್ಲಿ ನಾನಿದ್ದೆ. ನನ್ನ ಗೋವಾ ಫ್ರೆಂಡ್ಸೆಲ್ಲ "ನಿಮ್ಮೋರು ಗೆದ್ರಲ್ಲ, ಪಾರ್ಟಿ ಕೊಡು" ಅಂತ ಹಿಂದೆ ಬಿದ್ರು. ಖುಷಿ ಪಡ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ, ದುಡ್ಡು ಮಾತ್ರ ನನ್ನ ಕಿಸೆಯಿಂದನೇ ಹೋಯ್ತು.

2015ರಲ್ಲಿ ಡೆಂಪೊ ಸೆಕೆಂಡ್ ಡಿವಿಜನ್‌ಗೆ ಇಳೀತು. ಇಷ್ಟೇ ಆಗಿದ್ರೆ ಪರವಾಗಿಲ್ಲ, ಯಾವ ಟೀಮೂ ಇಳಿಯುತ್ತೆ ಏರುತ್ತೆ. ಮುಂದಿನ ವರ್ಷನೇ ಸೆಕೆಂಡ್ ಡಿವಿಜನ್ ಗೆದ್ದು ವಾಪಸ್ ಮೇಲೆ ಬರೋ ಹಕ್ಕನ್ನೂ ತಗೊಂಡ್ರು. ಆದ್ರೆ ಅದೇ 2016ರಲ್ಲಿ ದೇಶದ ಫುಟ್ಬಾಲ್ ಸಂಸ್ಥೆ ಎಐಎಫ್‌ಎಫ್ ಹೊಸ ಪ್ಲಾನ್ ತಂತು: 2014ರಲ್ಲಿ ಶುರುವಾಗಿದ್ದ ಫ್ರಾಂಚೈಸಿ ಲೀಗ್ ಐಎಸ್‌ಎಲ್ ಮೇಲೆ, ಐ-ಲೀಗ್ ಕೆಳಗೆ, ಕೆಳಗಿಂದ ಮೇಲಕ್ಕೆ ಹತ್ತೋಕೆ ಏಣಿ ಇಲ್ಲ. ಸಾಲ್ಗಾಂವ್ಕರ್ ಮತ್ತು ಸ್ಪೋರ್ಟಿಂಗ್ ಗೋವಾ "ನಮಗೆ ಬೇಡ" ಅಂತ ಹೊರಗೆ ಬಂದ್ವು, ಹಿಂದೆನೇ ಡೆಂಪೊ. ಗೆದ್ರೂ ಮೇಲೆ ಹೋಗೋ ಹಾಗಿಲ್ಲ ಅಂದ್ಮೇಲೆ ಯಾವ ಓನರ್ ಕೋಟಿ ಸುರೀತಾನೆ ಹೇಳಿ. ಇನ್ನೂ ತಮಾಷೆ ಅಂದ್ರೆ 2014ರಲ್ಲಿ ಐಎಸ್‌ಎಲ್ ಟೀಮ್ ಎಫ್‌ಸಿ ಗೋವಾ ಶುರು ಮಾಡಿದ ಮಾಲೀಕರಲ್ಲಿ ಡೆಂಪೊ, ಸಾಲ್ಗಾಂವ್ಕರ್ ಮನೆಯವ್ರೂ ಇದ್ರು.

ಡೊಂಬಿವಲಿ_ಭಟ್ರು

ಮೇಲಿನವರು ಹೇಳಿದ್ದು ಸರಿ, ಆದರೆ ಬರೀ ಐಎಸ್‌ಎಲ್ ಮೇಲೆ ಹಾಕಬೇಡಿ. ಐಎಸ್‌ಎಲ್ ಹುಟ್ಟೋಕೆ ನಾಲ್ಕು ವರ್ಷ ಮುಂಚೆನೇ ನಮ್ಮ ಮುಂಬೈನಲ್ಲಿ ಮಹೀಂದ್ರಾ ಯುನೈಟೆಡ್ ಮುಚ್ಚಿತು. 2005-06ರ ನ್ಯಾಷನಲ್ ಲೀಗ್ ಚಾಂಪಿಯನ್ಸು! ಕೂಪರೇಜ್ ಗ್ರೌಂಡಲ್ಲಿ ಆಫೀಸ್ ಬಿಟ್ಟು ಓಡಿ ಹೋಗಿ ಸೆಕೆಂಡ್ ಹಾಫ್ ನೋಡ್ತಿದ್ವಿ, ಮ್ಯಾಚ್ ಮುಗಿಸಿ ಚರ್ಚ್‌ಗೇಟ್ ತನಕ ವಾದ ಮಾಡ್ತಾ ನಡೀತಿದ್ವಿ. 2010ರಲ್ಲಿ ಕಂಪನಿ ಟೀಮ್ ಬೇಡ ಅಂದಿತು, ಮುಗೀತು. ಮರುವರ್ಷ ಪಂಜಾಬಿನ ಜೆಸಿಟಿ ಕೂಡ, ಮೊಟ್ಟಮೊದಲ ನ್ಯಾಷನಲ್ ಲೀಗ್ ಗೆದ್ದಿದ್ದೇ ಅವರು.

ಕಂಪನಿ ಟೀಮಿನ ಹಣೆಬರಹ ಇಷ್ಟೇ. ಮೋಹನ್ ಬಗಾನ್, ಈಸ್ಟ್ ಬೆಂಗಾಲ್‌ಗೆ ಮೆಂಬರ್‌ಗಳಿದ್ದಾರೆ, ಸೋತರೆ ಬೀದಿಗೆ ಬಂದು ಗಲಾಟೆ ಮಾಡೋ ಜನ ಇದ್ದಾರೆ. ಈಸ್ಟ್ ಬೆಂಗಾಲ್ 2004ರ ನಂತರ ಒಂದು ರಾಷ್ಟ್ರೀಯ ಲೀಗೂ ಗೆಲ್ಲಲಿಲ್ಲ, ಆದರೂ 2020ರಲ್ಲಿ ಕರೆದು ಐಎಸ್‌ಎಲ್‌ನಲ್ಲಿ ಕೂರಿಸಿದರು. ಡೆಂಪೊ ಹೊರಗೆ ಹೋದಾಗ ಪಣಜಿಯಲ್ಲಿ ಒಂದು ಮೋರ್ಚಾ ಆಯಿತಾ?

ಪುಣೆ_ಕಟ್ಟೆ

ಭಟ್ರೇ ಒಪ್ಪಲ್ಲ. ಬೆಂಗಳೂರು ಎಫ್‌ಸಿನೂ ಜಿಂದಾಲ್ ಕಂಪನಿ ಟೀಮೇ ತಾನೇ?? ಆದ್ರೂ ಮೊದಲ ವರ್ಷದಿಂದನೇ ವೆಸ್ಟ್ ಬ್ಲಾಕ್ ಅಂತ ಒಂದು ಗ್ಯಾಂಗ್ ಕಟ್ಟಿಕೊಂಡು ಹಾಡು, ಬ್ಯಾನರ್ರು, ಜರ್ಸಿ ಅಂತ ಜನ ಸೇರಿಸಿದ್ರು. ಡೆಂಪೊ ಐದು ಕಪ್ ಗೆದ್ದಾಗ ಅದರಲ್ಲಿ ಕಾಲು ಭಾಗ ಮಾಡಿದ್ರೂ ಸಾಕಿತ್ತು. ಕಂಪನಿಯಾದ್ರೆ ಜನ ಬರಲ್ಲ ಅನ್ನೋದು ನೆಪ

ನಮ್ಮ ಪುಣೆ ಕಥೆ ಕೇಳಿ, ಪುಣೆ ಎಫ್‌ಸಿ 2012-13ರಲ್ಲಿ ಐ-ಲೀಗ್‌ನಲ್ಲಿ ಎರಡನೇ ಸ್ಥಾನ, 2015ಕ್ಕೆ ಬಾಗಿಲು. ಭಾರತ್ ಎಫ್‌ಸಿ ಒಂದೇ ಸೀಸನ್. ಡಿಎಸ್‌ಕೆ ಶಿವಾಜಿಯನ್ಸ್ 2017ಕ್ಕೆ ಔಟ್. ಐಎಸ್‌ಎಲ್ ಟೀಮ್ ಪುಣೆ ಸಿಟಿ 2019ರಲ್ಲಿ ಗಂಟುಮೂಟೆ ಕಟ್ತು, ಆ ಜಾಗಕ್ಕೆ ಹೈದರಾಬಾದ್ ಬಂತು. ನಿಮಗೆ ಅಳೋಕಾದ್ರೂ ಒಂದು ಡೆಂಪೊ ಇದೆ, ನಮಗೆ ಬೈಯೋಕೂ ಒಂದು ಟೀಮಿಲ್ಲ 😂

ಫೋಂಡಾ_ಮೇಷ್ಟ್ರು

ಇಲ್ಲೇ ಶಾಲೆಯಲ್ಲಿ ಕೆಲಸ ಮಾಡ್ತಿರೋದ್ರಿಂದ ಒಂದು ಮಾತು. ಗೋವಾದಲ್ಲಿ ಜನ ಇಲ್ಲ ಅನ್ನೋದು ತಪ್ಪು, ಜನ ಇರೋದು ಬೇರೆ ಕಡೆ. ಊರಿನ ಇಂಟರ್-ವಾರ್ಡ್ ಟೂರ್ನಮೆಂಟಿಗೆ ಹೋಗಿ ನೋಡಿ, ಗದ್ದೆ ಕೊಯ್ಲಾದ ಮೇಲೆ ಅಲ್ಲೇ ಸುಣ್ಣದ ಗೆರೆ ಹಾಕಿರ್ತಾರೆ, ಗೋಲಿನ ಹಿಂದೆ ಸ್ಕೂಟರ್ ಸಾಲು, ಕೈಯಲ್ಲಿ ಕಡಲೆ ಪೊಟ್ಟಣ ಹಿಡಿದ ಅಜ್ಜಿ ಕೂಡ ರೆಫ್ರಿಗೆ ಕೊಂಕಣಿಯಲ್ಲಿ ಬೈತಿರ್ತಾರೆ. ಅದೇ ಜನ ಡೆಂಪೊ-ಸಾಲ್ಗಾಂವ್ಕರ್ ಐ-ಲೀಗ್ ಮ್ಯಾಚಿಗೆ ಫತೋರ್ಡಾಕ್ಕೆ ಬರ್ತಿರಲಿಲ್ಲ, ಅರ್ಧ ಸ್ಟೇಡಿಯಂ ಖಾಲಿ. ಯಾಕೆ ಬರ್ಬೇಕು? ಟೀಮಿನ ಹೆಸರಲ್ಲಿ ಊರಿಲ್ಲ, ಒಂದು ಕುಟುಂಬದ ಅಡ್ಡಹೆಸರಿದೆ. ಎಫ್‌ಸಿ ಗೋವಾ ಬಂದು ಇಡೀ ರಾಜ್ಯದ ಹೆಸರು ಇಟ್ಟುಕೊಂಡ ಕೂಡ್ಲೆ ಸ್ಟ್ಯಾಂಡ್ ತುಂಬಿತು. ನನಗೆ ಇದೇ ದೊಡ್ಡ ಕಾರಣ ಅನ್ಸುತ್ತೆ, ರಾಂಟಿ ಹೋಗಿದ್ದೆಲ್ಲ ಆಮೇಲಿನ ಮಾತು.

ಮತ್ತೆ ಡೆಂಪೊ ಸತ್ತೇ ಹೋಯ್ತು ಅನ್ನೋ ಹಾಗೆ ಮಾತಾಡ್ತಿದ್ದೀರಲ್ಲ ಎಲ್ರೂ. ಓಲ್ಡ್ ಗೋವಾ ಹತ್ತಿರ ಎಲ್ಲಾ ಅನ್ನೋ ಊರಲ್ಲಿ ಅವ್ರ ಅಕಾಡೆಮಿ ಇದೆ. 2024ರಲ್ಲಿ ಐ-ಲೀಗ್ 2ರಲ್ಲಿ ಎಸ್‌ಸಿ ಬೆಂಗಳೂರು ಹಿಂದೆ ಎರಡನೇ ಸ್ಥಾನ ತಗೊಂಡು ಐ-ಲೀಗ್‌ಗೆ ವಾಪಸ್ ಬಂದ್ರು, ಕೋಚ್ ಯಾರು ಅಂದ್ರೆ ಅದೇ ಹಳೇ ಸಮೀರ್ ನಾಯ್ಕ್. ಆ ಸೀಸನ್ ಹೊರದೇಶದವರನ್ನ ತುಂಬಿಕೊಳ್ಳದೆ ಗೋವಾ ಹುಡುಗ್ರನ್ನೇ ಜಾಸ್ತಿ ಇಟ್ಟುಕೊಂಡು ಆಡಿಸಿದ್ರು.

ಬೈನಾ_ಬಾಗಲಕೋಟಿ

ಎಲ್ಲಾರೂ ಇಷ್ಟು ಬರದ್ರಿ, ಭಾಳ ಖುಷಿ ಆತು. ಸಂಜೀಕ ಅಪ್ಪಾರಿಗೆ ಓದಿ ಹೇಳ್ದೆ, 1,750 ಕೋಟಿ ಅಂದದ್ದಕ್ಕ ಸ್ವಲ್ಪ ಹೊತ್ತು ಸುಮ್ಮನ ಕುಂತ್ರು, ಆಮ್ಯಾಲ ತಮ್ಮ ಮಾತು ಬಿಡಲಿಲ್ಲ.

ಅವರು ಅನ್ನೋದು ಏನಂದ್ರ, ಡೆಂಪೊದವರ ರೊಕ್ಕದ ಮಾತಲ್ಲ, ಕೆಳಗಿನ ರೊಕ್ಕ. ಸಾಂಖಳಿ, ಡಿಚೋಲಿ ಕಡೆ ಹಳ್ಳಿ ಟೂರ್ನಮೆಂಟಿಗೆ ಪ್ರೈಜ್ ಕೊಡೋರು ಯಾರಿದ್ರು? ಟ್ರಕ್ ಓನರ್‌ಗಳು, ಬಾರ್ಜ್ ನಡಸೋರು, ಮಷೀನ್ ಬಾಡಿಗಿ ಕೊಡೋರು. 2012ರ ಮ್ಯಾಲ ಸಾಲಗಟ್ಟಲೆ ಟ್ರಕ್ ನಿಂತಲ್ಲೇ ತುಕ್ಕ ಹಿಡದ್ವು, ಬ್ಯಾಂಕಿನವ್ರು ಬಾಗಿಲಿಗೆ ಬಂದ್ರು, ಇನ್ನ ಫುಟ್ಬಾಲಿಗೆ ಟ್ರೋಫಿ ಎಲ್ಲಿಂದ ಕೊಡ್ತಾರ. ನಮ್ಮಪ್ಪಾರೂ ಆಗ ಊರಿಗೆ ಹೋಗಿ ಎರಡು ವರ್ಷ ಹೊಲ ಮಾಡಿ ಬಂದ್ರು. ಮೇಷ್ಟ್ರು ಹೇಳೋ ಆ ಗದ್ದಿ ಮ್ಯಾಚಿನ್ಯಾಗ ಆಡಿದ ಹುಡುಗ್ರ ಮುಂದ ಡೆಂಪೊ, ಸಾಲ್ಗಾಂವ್ಕರ್‌ಗೆ ಹೋಗ್ತಿದ್ರು ಅಲ್ಲೇನ್ರಿ?

ಕಾರವಾರದವ_ಮಡಗಾಂವ್

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಪಾಯಿಂಟ್ ಇದೆ ನಿಮ್ಮ ಅಪ್ಪನದ್ದು. ಆದ್ರೆ ಮೇಷ್ಟ್ರ ಹೆಸರಿನ ಥಿಯರಿ ನಾನು ಪೂರ್ತಿ ಒಪ್ಪಲ್ಲ. ಚರ್ಚಿಲ್‌ದೂ ಕುಟುಂಬದ ಹೆಸರೇ, ಅವ್ರು 2014ರಲ್ಲಿ ಒಂದೇ ಸೀಸನ್ನಲ್ಲಿ ಫೆಡರೇಷನ್ ಕಪ್ ಗೆದ್ದು ಲೀಗ್‌ನಲ್ಲಿ ಕೆಳಗೂ ಇಳಿದ್ರು, ಲೈಸೆನ್ಸಿಂಗ್ ತಕರಾರಲ್ಲಿ ಹೊರಗೂ ಬಿದ್ರು, ಆದ್ರೂ ಮತ್ತೆ ಬಂದು ಐ-ಲೀಗ್ ಆಡಿದ್ರು. ಹಠ ಇದ್ದೋರು ಉಳ್ಕೊಂಡ್ರು. ಡೆಂಪೊದವ್ರಿಗೆ 2016ರಲ್ಲಿ ಆ ಹಠ ಇರ್ಲಿಲ್ಲ, ಇದ್ದಿದ್ರೆ ಮಧ್ಯದ ಅಷ್ಟೂ ವರ್ಷ ಹಾಳಾಗ್ತಿರ್ಲಿಲ್ಲ.

ಫೋಂಡಾ_ಮೇಷ್ಟ್ರು

ಹಠಕ್ಕೂ ಕಾಸು ಬೇಕಲ್ಲ ಸ್ವಾಮಿ. ಬಾಗಲಕೋಟಿಯವ್ರೇ, ಮುಂದಿನ ಸಲ ಡೆಂಪೊ ಮ್ಯಾಚಿದ್ದಾಗ ಇಲ್ಲೇ ಹಾಕ್ತೀನಿ, ಅಪ್ಪನ್ನ ಕರ್ಕೊಂಡು ಬನ್ನಿ. ಕಾರವಾರದವ್ರು ಆ ಪಾರ್ಟಿ ಬಾಕಿನೂ ವಸೂಲಿ ಮಾಡ್ಕೊಳ್ಳಲಿ.