ಕೈಗಾರಿಕಾ ಕ್ರಾಂತಿ ಪಾಠ: ಹೆಸರು, ಇಸವಿ ಬಿಟ್ಟು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ಪೀಣ್ಯದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಹೋದ ವರ್ಷ ಒಂಬತ್ತನೇ ತರಗತಿಗೆ ಕೈಗಾರಿಕಾ ಕ್ರಾಂತಿ ಪಾಠ ಮಾಡುವಾಗ ಯಾರು ಯಾವ ಯಂತ್ರ ಕಂಡುಹಿಡಿದರು ಅಂತ ಬೋರ್ಡ್ ತುಂಬ ಬರೆದೆ. ಮಕ್ಕಳು ಬಾಯಿಪಾಠ ಮಾಡಿದರು, ಪರೀಕ್ಷೆ ಮುಗಿದ ಮೇಲೆ ಮರೆತರು. ಜನರ ಬದುಕು ಹೇಗೆ ಬದಲಾಯಿತು ಅನ್ನೋದು ಯಾರಿಗೂ ಮುಟ್ಟಲಿಲ್ಲ. ಈ ಸಲ ಎಲ್ಲಿಂದ ಶುರು ಮಾಡಲಿ? ನಾಲ್ಕು ಪೀರಿಯಡ್ ಇದೆ.

ಉತ್ತರ: ನಮಸ್ಕಾರ ಮೇಡಂ. ಇಪ್ಪತ್ತಾರು ವರ್ಷ ಈ ಪಾಠ ಮಾಡಿದ್ದೇನೆ. ಯಂತ್ರದಿಂದ ಶುರು ಮಾಡಬೇಡಿ, ಗಡಿಯಾರದಿಂದ ಶುರು ಮಾಡಿ. ಮನೆಯ ಮಗ್ಗದಲ್ಲಿ ನೇಯುವವನಿಗೂ ಕಷ್ಟ ಇತ್ತು, ಸಾಲ ಇತ್ತು. ಆದರೆ ಯಾವಾಗ ಏಳಬೇಕು, ಯಾವಾಗ ಊಟ ಮಾಡಬೇಕು ಅನ್ನೋದು ಅವನ ಕೈಯಲ್ಲೇ ಇತ್ತು. ಮಿಲ್ಲಿಗೆ ಬಂದ ದಿನ ಅದು ಕೈ ತಪ್ಪಿತು. ಮಕ್ಕಳಿಗೆ ಮೊದಲು ಮುಟ್ಟಬೇಕಾದ್ದು ಇದು.

ಮೊದಲ ಪೀರಿಯಡ್‌ನಲ್ಲಿ ಹಳೇ ಪೇಪರ್ ತರಿಸಿ. ಹತ್ತು ನಿಮಿಷ ಪ್ರತಿಯೊಬ್ಬರೂ ಶುರುವಿಂದ ಕೊನೆವರೆಗೆ ತಾವೇ ಕಾಗದದ ಕವರ್‌ಗಳನ್ನು ತಯಾರಿಸಲಿ. ಮಾತಾಡಬಹುದು, ಅಂಚಿಗೆ ಹೂವು ಬರೆಯಬಹುದು. ಆಮೇಲೆ ಅವರನ್ನೇ ಸಾಲಾಗಿ ಕೂರಿಸಿ. ಒಬ್ಬರು ಕತ್ತರಿಸೋದು, ಒಬ್ಬರು ಒಂದು ಮಡಿಕೆ, ಇನ್ನೊಬ್ಬರು ಅಂಟು. ಮಾತಿಲ್ಲ, ಏಳೋ ಹಾಗಿಲ್ಲ, ನೀವು ಗಡಿಯಾರ ನೋಡುತ್ತಾ ಓಡಾಡಿ. ಸಾಮಾನ್ಯವಾಗಿ ಕವರ್ ಜಾಸ್ತಿ ಆಗುತ್ತೆ. ಜೊತೆಗೆ ನಿಧಾನ ಮಾಡುವ ಹುಡುಗನ ಮೇಲೆ ಪಕ್ಕದವನೇ ರೇಗೋಕೆ ಶುರು ಮಾಡುತ್ತಾನೆ. ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ‘ಸರ್, ಇದರಲ್ಲಿ ನಂದು ಯಾವುದು?’ ಅಂತ ಕೇಳಿದ್ದಳು. ಆ ಪ್ರಶ್ನೆ ಬಂದ ಮೇಲೆ ಪಾಠ ತಾನಾಗಿ ನಡೆಯಿತು.

ಯಂತ್ರಗಳನ್ನು ಎರಡನೇ ಪೀರಿಯಡ್‌ಗೆ ಇಡಿ, ಆದರೆ ಪಟ್ಟಿ ಮಾಡಬೇಡಿ, ಒಂದಕ್ಕೊಂದು ಕೊಂಡಿ ಹಾಕಿ. 1733ರಲ್ಲಿ ಜಾನ್ ಕೇ ಹಾರುವ ಲಾಳಿ ತಂದ. ನೇಯ್ಗೆ ಬೇಗ ಆಯಿತು, ನೂಲು ಸಾಲದೇ ಹೋಯಿತು. ಅದಕ್ಕೇ ಒಟ್ಟಿಗೆ ಹಲವು ಎಳೆ ನೂಲುವ ಹಾರ್ಗ್ರೀವ್ಸ್‌ನ ಸ್ಪಿನ್ನಿಂಗ್ ಜೆನ್ನಿಗೆ ಅಷ್ಟು ಬೇಡಿಕೆ. ಆರ್ಕ್‌ರೈಟ್‌ನ ನೂಲುವ ಯಂತ್ರ ಓಡೋಕೆ ನೀರಿನ ಬಲ ಬೇಕು, ಅದನ್ನು ಮನೆಯಲ್ಲಿ ಇಡೋಕಾಗಲ್ಲ. ಹಾಗಾಗಿ 1771ರಲ್ಲಿ ಇಂಗ್ಲೆಂಡಿನ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಪಕ್ಕ ಮಿಲ್ ಎದ್ದಿತು, ಜನ ಅಲ್ಲಿಗೆ ಹೋಗಬೇಕಾಯಿತು. ವ್ಯಾಟ್‌ನ ಹಬೆ ಯಂತ್ರ ಬಂದ ಮೇಲೆ ನದಿಯ ಹಂಗೂ ತಪ್ಪಿತು. ಮಿಲ್ಲುಗಳು ಊರಿಗೇ ಬಂದವು, ಮ್ಯಾಂಚೆಸ್ಟರ್ ಉಬ್ಬಿತು. ಹೀಗೆ ಹೇಳಿದರೆ ಇಸವಿಗಳು ಬಾಯಿಪಾಠವಿಲ್ಲದೆ ನೆನಪಿರುತ್ತವೆ.

ಮೂರನೇ ಪೀರಿಯಡ್‌ನಲ್ಲಿ 1833ರ ಇಂಗ್ಲೆಂಡಿನ ಕಾರ್ಖಾನೆ ಕಾಯ್ದೆಯನ್ನು ಬೋರ್ಡ್ ಮೇಲೆ ಬರೆಯಿರಿ. ರೇಷ್ಮೆ ಮಿಲ್ ಬಿಟ್ಟು ಉಳಿದ ಬಟ್ಟೆ ಮಿಲ್ಲುಗಳಲ್ಲಿ 9 ವರ್ಷದೊಳಗಿನ ಮಕ್ಕಳನ್ನು ಸೇರಿಸಿಕೊಳ್ಳುವ ಹಾಗಿಲ್ಲ. 13ರಿಂದ 18ರವರೆಗೆ ವಾರಕ್ಕೆ 69 ಗಂಟೆ. ಆಮೇಲೆ ಮಕ್ಕಳ ವಯಸ್ಸು ಕೇಳಿ. ನಿಮ್ಮ ತರಗತಿಯಲ್ಲಿ ಬಹುತೇಕ ಎಲ್ಲರೂ 14. ಅಂದರೆ ದಿನಕ್ಕೆ 12 ಗಂಟೆ ದುಡಿಸಿದರೂ ಕಾನೂನು ಪ್ರಕಾರ ಸರಿ. ಇದು ಮಕ್ಕಳನ್ನು ಕಾಪಾಡೋಕೆ ಬಂದ ಕಾನೂನು, ಅಲ್ವಾ? ಹಾಗಾದರೆ ಅದಕ್ಕೂ ಮುಂಚೆ ಹೇಗಿದ್ದಿರಬೇಕು ಅಂತ ಅವರೇ ಲೆಕ್ಕ ಹಾಕಲಿ. ನಮ್ಮಲ್ಲಿ 1881ರ ಕಾಯ್ದೆ 7 ವರ್ಷದೊಳಗಿನವರನ್ನು ಮಾತ್ರ ತಡೆಯಿತು. 7 ತುಂಬಿದ ಮಗುವಿಗೆ ದಿನಕ್ಕೆ 9 ಗಂಟೆ ಕೆಲಸ.

ನಮ್ಮ ಊರನ್ನೂ ಬಿಡಬೇಡಿ. ಬಿನ್ನಿ ಮಿಲ್ 1884ರದ್ದು, ಬಿನ್ನಿಪೇಟೆ ಅನ್ನೋ ಹೆಸರಿನಲ್ಲೇ ಮಿಲ್ ಇದೆ. ಮಲ್ಲೇಶ್ವರದ ಮಂತ್ರಿ ಮಾಲ್ ಜಾಗದಲ್ಲಿ ರಾಜಾ ಮಿಲ್ ಇತ್ತು. ಮಕ್ಕಳು ಆ ಮಾಲ್‌ಗೆ ಹೋಗಿರುತ್ತಾರೆ, ಇದು ಮಾತ್ರ ಗೊತ್ತಿರುವುದಿಲ್ಲ.

ಪ್ರಶ್ನೆ: ತುಂಬಾ ಉಪಕಾರ ಸರ್. ಇನ್ನೊಂದು ಅಳುಕು ಇದೆ. ನನ್ನ ತರಗತಿಯಲ್ಲಿ ಸುಮಾರು ಮಕ್ಕಳ ತಾಯಂದಿರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಈ ವಿಷಯ ಎತ್ತಿದರೆ ಮಕ್ಕಳಿಗೆ ನೋವಾಗುತ್ತಾ?

ಉತ್ತರ: ಒಳ್ಳೇ ಪ್ರಶ್ನೆ ಮೇಡಂ. ‘ಯಾರ ಅಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಾರೆ, ಕೈ ಎತ್ತಿ’ ಅಂತ ಮಾತ್ರ ಕೇಳಬೇಡಿ. ಆ ತಪ್ಪು ನಾನು ಒಮ್ಮೆ ಮಾಡಿದ್ದೇನೆ. ತಲೆ ತಗ್ಗಿಸಿ ಕೂತ ಒಬ್ಬ ಹುಡುಗನ ಮುಖ ಇನ್ನೂ ನೆನಪಿದೆ. ಆಮೇಲಿಂದ ಎಲ್ಲರಿಗೂ ಒಂದೇ ಮನೆಕೆಲಸ ಕೊಟ್ಟೆ. ದುಡಿಯುವ ಒಬ್ಬ ಹಿರಿಯರನ್ನು ಮೂರು ಪ್ರಶ್ನೆ ಕೇಳಿ ಬನ್ನಿ: ಕೆಲಸ ಶುರುವಾಗುವ ಹೊತ್ತು ಯಾರು ತೀರ್ಮಾನ ಮಾಡುತ್ತಾರೆ, ತಡವಾದರೆ ಏನಾಗುತ್ತೆ, ಈ ಕೆಲಸದಿಂದ ಮನೆಗೆ ಏನು ಸಿಕ್ಕಿತು. ಅಂಗಡಿಯವರು, ಆಟೋ ಓಡಿಸುವವರು, ಐಟಿಯವರು, ಯಾರಾದರೂ ಸರಿ. ಲೈನ್, ಟಾರ್ಗೆಟ್, ಹೆಲ್ಪರ್, ಓಟಿ ಅನ್ನೋ ಮಾತುಗಳು ಮಕ್ಕಳ ಬಾಯಲ್ಲೇ ಬರುತ್ತವೆ.

ಮೂರನೇ ಪ್ರಶ್ನೆ ಬಿಡಬೇಡಿ. ಆ ಸಂಬಳದಲ್ಲೇ ಎಷ್ಟೋ ಮಕ್ಕಳ ಫೀಸು ಕಟ್ಟಿದೆ. ತಾಯಂದಿರನ್ನು ಸುಮ್ನೆ ಪಾಪದವರು ಅಂತ ತೋರಿಸೋದು ಅವರಿಗೆ ಅನ್ಯಾಯ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಿದಾಗ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇದೇ ಬೆಂಗಳೂರಿನ ರಸ್ತೆಗಿಳಿದರು, ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಇದನ್ನು ತರಗತಿಯಲ್ಲಿ ಗಟ್ಟಿಯಾಗಿ ಹೇಳಿ.

ಪ್ರಶ್ನೆ: ‘ಯಂತ್ರ ಬಂದಿದ್ದು ಒಳ್ಳೇದಾ ಕೆಟ್ಟದ್ದಾ’ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ ಸರ್.

ಉತ್ತರ: ‘ಯಾರಿಗೆ, ಯಾವಾಗ?’ ಅಂತ ತಿರುಗಿ ಕೇಳಿ. ಅಗ್ಗದ ಹತ್ತಿ ಬಟ್ಟೆ ಸಿಕ್ಕ ಬಡವರಿಗೆ ಒಂದು ಉತ್ತರ. ಮಿಲ್ ನೂಲು ಬಂದು ರಾಟೆ ನಿಂತುಹೋದ ನಮ್ಮ ಹಳ್ಳಿಯ ಹೆಂಗಸಿಗೆ ಇನ್ನೊಂದು. ಎರಡನ್ನೂ ಬರೆಯಲಿ. ನಾಲ್ಕನೇ ಪೀರಿಯಡ್ ಪೂರ್ತಿ ಇದಕ್ಕೇ ಇಡಿ, ನೀವು ಕಡಿಮೆ ಮಾತಾಡಿ.

ಪ್ರಶ್ನೆ ಕೇಳಿದವರು: ಆಗಲಿ ಸರ್. ಸೋಮವಾರ ಎಲ್ಲರೂ ಹಳೇ ಪೇಪರ್ ತರಬೇಕು ಅಂತ ಇವತ್ತೇ ಡೈರಿಯಲ್ಲಿ ಬರೆಸುತ್ತೇನೆ.