ನಾಲ್ಕು ತಿಂಗಳ ಕತ್ತಲೆಗೆ ಸೋಲಾರ್: ಬ್ಯಾಟರಿ ಎಷ್ಟು, ಯಾವುದು?

ಹಿಮರೇಖೆ:
ಭಾರತದ ಸಂಶೋಧನಾ ಕೇಂದ್ರ ಹಿಮಾದ್ರಿ ಇರುವ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ನ್ಯೂ-ಓಲೆಸುಂಡ್ ಹತ್ತಿರ (78.9 ಡಿಗ್ರಿ ಉತ್ತರ), ಜನವಿಲ್ಲದ ಜಾಗದಲ್ಲಿ ಹವಾಮಾನ ಉಪಕರಣ ಇಡುವ ಯೋಜನೆ. 12 ವೋಲ್ಟ್, ಸದಾ 6 ವ್ಯಾಟ್ ಎಳೆಯುತ್ತೆ. ಅಕ್ಟೋಬರ್ 24ರ ಸುಮಾರಿಗೆ ಮುಳುಗಿದ ಸೂರ್ಯ ಮತ್ತೆ ಕಾಣೋದು ಫೆಬ್ರವರಿ 18ರ ಹೊತ್ತಿಗೆ. ಬೇಸಿಗೆಯ ಕರೆಂಟನ್ನು ಅಲ್ಲಿವರೆಗೆ ಕೂಡಿಡೋಕೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾಕಾ, ಹೈಡ್ರೋಜನ್ ಬೇಕಾ?

ಆಂಪಿಯರ್_ಗಂಟೆ:
ಬ್ಯಾಟರಿ ಆರಿಸೋಕೆ ಮುಂಚೆ ಲೋಡ್ ಇಳಿಸಿ. ಕತ್ತಲೆ 117 ದಿನ. ಆಚೀಚೆ ಸೂರ್ಯ ಗುಡ್ಡದ ಮರೆಯಲ್ಲೇ ಇರುವ ದಿನಗಳೂ ಸೇರಿ 140 ಅಂತ ಹಿಡಿಯಿರಿ. 6 ವ್ಯಾಟಿಗೆ ದಿನಕ್ಕೆ 144 ವ್ಯಾಟ್-ಗಂಟೆ, ಒಟ್ಟು 20 ಯೂನಿಟ್. 100 ಆಂಪಿಯರ್-ಗಂಟೆಯ ಲೆಡ್ ಆಸಿಡ್ ಬ್ಯಾಟರಿಯಿಂದ ಆ ಚಳಿಯಲ್ಲಿ ನಂಬಬಹುದಾದ್ದು 0.6 ಯೂನಿಟ್. ಅಂದರೆ 34 ಬ್ಯಾಟರಿ, ಹತ್ತಿರ ಹತ್ತಿರ ಒಂದು ಟನ್. ಅದೇ ಉಪಕರಣವನ್ನು ಗಂಟೆಗೆ 10 ನಿಮಿಷ ಮಾತ್ರ ಎಬ್ಬಿಸಿದರೆ ಸರಾಸರಿ 1 ವ್ಯಾಟ್, ಒಟ್ಟು 3.4 ಯೂನಿಟ್. 6 ಬ್ಯಾಟರಿ ಸಾಕು, 8 ಇಟ್ಟರೆ ನೆಮ್ಮದಿ.

ಲಿಥಿಯಂ ಬೇಡ ಅನ್ನೋದಕ್ಕೆ ಕಾರಣ ಫೆಬ್ರವರಿ. ಸೂರ್ಯ ಬರುವಾಗ ಸೆಲ್ಲುಗಳು ಸೊನ್ನೆಗಿಂತ ಎಷ್ಟೋ ಕೆಳಗಿರುತ್ತವೆ. ಆಗ ಚಾರ್ಜ್ ಮಾಡಿದರೆ ಸೆಲ್ಲಿನೊಳಗಿನ ಗ್ರಾಫೈಟ್ ಮೇಲೆ ಲಿಥಿಯಂ ಲೋಹ ಕೂತು ಸೆಲ್ ಹಾಳು. ಹೀಟರ್ ಹಾಕೋಣ ಅಂದರೆ ಅದೂ ಖಾಲಿಯಾದ ಆ ಬ್ಯಾಟರಿಯಿಂದಲೇ ಉರಿಯಬೇಕು.

ಲೆಡ್ ಆಸಿಡ್‌ಗೂ ಒಂದು ದೌರ್ಬಲ್ಯ ಇದೆ. ತುಂಬಿದ್ದರೆ −60ಕ್ಕೂ ಹೆಪ್ಪುಗಟ್ಟಲ್ಲ. ಅರ್ಧ ಇಳಿದರೆ −20ರ ಆಸುಪಾಸು. ಪೂರ್ತಿ ಖಾಲಿಯಾದರೆ ಆಸಿಡ್ ನೀರಿನಂತಾಗಿ −10 ಮುಟ್ಟುವ ಮೊದಲೇ ಗಟ್ಟಿಯಾಗಿ ಡಬ್ಬಿ ಸೀಳುತ್ತೆ. ಆದ್ದರಿಂದ ಅರ್ಧಕ್ಕೇ ಲೋಡ್ ಕಡಿಯುವ ಕಟಾಫ್ ಕಡ್ಡಾಯ. ಪೆಟ್ಟಿಗೆಗೆ ಥರ್ಮಾಕೋಲ್ ಒಳಪದರ ಕೊಟ್ಟು ಹಿಮದೊಳಗೆ ಹೂತುಬಿಡಲಿ, ಹಿಮವೇ ಕಂಬಳಿ.

ಕಂಟ್ರೋಲರ್_ಕಟ್ಟೆ:
ಚಾರ್ಜ್ ವೋಲ್ಟೇಜ್ ಮರೀಬೇಡಿ. 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಗೆ ತಾಪ ಇಳಿದ ಪ್ರತಿ ಡಿಗ್ರಿಗೆ ಸುಮಾರು 24 ಮಿಲಿವೋಲ್ಟ್ ಏರಿಸಬೇಕು. 25ರಲ್ಲಿ 14.1 ಇದ್ದದ್ದು −20ರಲ್ಲಿ 15.2. ತಾಪ ಅಳೆಯುವ ಸೆನ್ಸರ್ ವೈರು ಕಂಟ್ರೋಲರ್ (ಪ್ಯಾನೆಲ್ಲಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ನಿಯಂತ್ರಿಸುವ ಪೆಟ್ಟಿಗೆ) ಪಕ್ಕದಲ್ಲೇ ನೇತಾಡಿದರೆ ಪ್ರಯೋಜನವಿಲ್ಲ, ಬ್ಯಾಟರಿ ಮೈಗೇ ಅಂಟಿಸಿ. ನಿಮ್ಮ ಉಪಕರಣ 15.2 ತಡೆಯುತ್ತಾ ನೋಡಿ. ಇಲ್ಲದಿದ್ದರೆ ನಡುವೆ ವೋಲ್ಟೇಜ್ ಇಳಿಸುವ ಡಿಸಿ-ಡಿಸಿ ಕನ್ವರ್ಟರ್ ಹಾಕಿ.

ಪ್ಯಾನೆಲ್ ವೋಲ್ಟೇಜೂ ಚಳಿಗೆ ಏರುತ್ತೆ. 45 ವೋಲ್ಟಿನ ಮೂರು ಪ್ಯಾನೆಲ್ ಸರಣಿಯಲ್ಲಿಟ್ಟರೆ 135 ಅಂದುಕೊಳ್ತೀವಿ, −40ರಲ್ಲಿ ಅದು 161. 150 ವೋಲ್ಟಿನ ಕಂಟ್ರೋಲರ್ ಮೊದಲ ಬಿಸಿಲಿಗೇ ಸುಟ್ಟುಹೋಗುತ್ತೆ. ನಿಮಗೆ 12 ವೋಲ್ಟಿನ 100 ವ್ಯಾಟ್ ಪ್ಯಾನೆಲ್ ಒಂದು ಸಾಕು, ದಕ್ಷಿಣಕ್ಕೆ ಮುಖ ಮಾಡಿ ಗೋಡೆಯಂತೆ ನೆಟ್ಟಗೆ ನಿಲ್ಲಿಸಿ. ಮಾರ್ಚ್ 1ರ ನಡುಮಧ್ಯಾಹ್ನವೂ ಸೂರ್ಯ 3-4 ಡಿಗ್ರಿ ಎತ್ತರದಲ್ಲಷ್ಟೇ. ನೆಟ್ಟಗಿದ್ದರೆ ಹಿಮ ನಿಲ್ಲಲ್ಲ, ನೆಲದ ಹಿಮದಿಂದ ಮರಳುವ ಬೆಳಕೂ ಸಿಗುತ್ತೆ.

ಇನ್ನೊಂದು ವಿಷಯ: ಅಲ್ಲಿನ ರೇಡಿಯೋ ದೂರದರ್ಶಕಗಳ ಸಲುವಾಗಿ ಸುತ್ತ 20 ಕಿ.ಮೀ. 2ರಿಂದ 32 ಗಿಗಾಹರ್ಟ್ಸ್ ಪ್ರಸಾರಕ್ಕೆ ನಿರ್ಬಂಧ ಇದೆ. ವೈಫೈ, ಬ್ಲೂಟೂತ್ ನಂಬಬೇಡಿ, ದತ್ತಾಂಶ ಕಾರ್ಡಿಗೆ ಬರೆಸಿ.

ಹಿಮರೇಖೆ:
ತುಂಬಾ ಉಪಕಾರ ಆಯ್ತು ಸರ್. ಗಂಟೆಗೆ 10 ನಿಮಿಷ ಸಾಕು. ಹಾಗಾದರೆ ಅಲ್ಲಿನ ಒಂದು ಇಡೀ ಕಟ್ಟಡಕ್ಕೆ ಹೈಡ್ರೋಜನ್ನೋ ಮರಳು ಬ್ಯಾಟರಿಯೋ (ಬಿಸಿಮಾಡಿದ ಮರಳಲ್ಲಿ ಶಾಖ ಕೂಡಿಡೋದು) ಸರಿಹೋಗುತ್ತಾ?

ಶಾಖಪಾತ್ರೆ:
ಒಂದು ಕಿಲೋ ಹೈಡ್ರೋಜನ್ ಮಾಡೋಕೆ ಸುಮಾರು 55 ಯೂನಿಟ್ ಹಾಕಿದರೆ ಹೈಡ್ರೋಜನ್ನನ್ನು ಮತ್ತೆ ಕರೆಂಟಾಗಿಸುವ ಫ್ಯೂಯೆಲ್ ಸೆಲ್ಲಿಂದ ವಾಪಸ್ ಬರೋದು 16ರಷ್ಟು. ಉಳಿದದ್ದು ಶಾಖ. ಅದನ್ನು ಕೋಣೆ ಬೆಚ್ಚಗಿಡೋಕೆ ಬಳಸದಿದ್ದರೆ ಲೆಕ್ಕ ಕೂಡಲ್ಲ.

ಕಟ್ಟಡಕ್ಕೆ ಬೇಕಾದ್ದರಲ್ಲಿ ಶಾಖದ್ದೇ ಸಿಂಹಪಾಲು, ಅದನ್ನು ಶಾಖವಾಗಿಯೇ ಕೂಡಿಡೋದು ಅಗ್ಗ. ಒಂದು ಘನಮೀಟರ್ ನೀರನ್ನು 60 ಡಿಗ್ರಿ ಬಿಸಿಮಾಡಿದರೆ 70 ಯೂನಿಟ್. ಫಿನ್ಲೆಂಡಿನ ಪೊರ್ನೈನೆನ್‌ನ ಮರಳು ಬ್ಯಾಟರಿಯಲ್ಲಿ ಮರಳಿನ ಬದಲು 2,000 ಟನ್ ಪುಡಿ ಬಳಪದ ಕಲ್ಲಿನಲ್ಲಿ 100 ಮೆಗಾವ್ಯಾಟ್-ಗಂಟೆ ಹಿಡಿಯುತ್ತಾರೆ. ಆದರೆ ಅದು ಆ ಊರಿಗೆ ಚಳಿಗಾಲದಲ್ಲಿ ಸುಮಾರು ಒಂದು ವಾರಕ್ಕಷ್ಟೇ, ಋತುವಿಗಲ್ಲ. ಕೆನಡಾದ ಓಕೋಟೋಕ್ಸ್‌ನ ಡ್ರೇಕ್ ಲ್ಯಾಂಡಿಂಗ್‌ನಲ್ಲಿ 35 ಮೀಟರ್ ಆಳದ 144 ಬೋರುಗಳ ಮೂಲಕ ಬೇಸಿಗೆಯ ಶಾಖವನ್ನು ನೆಲಕ್ಕಿಳಿಸಿ 52 ಮನೆಗಳನ್ನು ಬೆಚ್ಚಗಿಟ್ಟರು. ಅದನ್ನೇ ಸ್ವಾಲ್ಬಾರ್ಡಿನಲ್ಲಿ ಮಾಡೋಕೆ ಹೋಗಬೇಡಿ. ಅಲ್ಲಿನ ನೆಲ ವರ್ಷವಿಡೀ ಹೆಪ್ಪುಗಟ್ಟಿದ್ದು, ಕಟ್ಟಡದ ಕಂಬಗಳನ್ನು ಹಿಡಿದಿರೋದು ಆ ಹೆಪ್ಪೇ. ಬಿಸಿ ತಾಗಿದರೆ ಕಂಬ ಕುಸಿಯುತ್ತೆ. ಬಿಸಿನೀರಿನ ತೊಟ್ಟಿ ನೆಲದ ಮೇಲೇ ಇರಲಿ, ತಳದಲ್ಲಿ ಗಾಳಿ ಆಡುವಷ್ಟು ಎತ್ತರಿಸಿ.