ಪದಚರ್ಚೆ: ಡಿಸ್ಕ್ ಬ್ರೇಕಿನ ರೋಟರ್ ‘ಮೌಂಟ್’ ಮಾಡುವುದಕ್ಕೆ ಕನ್ನಡ (ಬೋರ್ಡ್ ನಾಳೆ ಬರೆಸಬೇಕು)

ಎಲ್ಲರಿಗೂ ನಮಸ್ಕಾರ.

ಸೋಮವಾರ ಈ ಪದಚರ್ಚೆಯ ಪಟ್ಟಿಯಲ್ಲಿ ಕನ್ನಡ ಪದ ಕೇಳಿದ್ದೆ, ಇವತ್ತು ಗುರುವಾರ. ಬೋರ್ಡ್ ಬರೆಯುವವರು ನಾಳೆ ಹನ್ನೊಂದು ಗಂಟೆಗೆ ಬರುತ್ತಾರೆ. ಉತ್ತರಗಳು ಬೇಕಾದಷ್ಟು ಬಂದವು. ಗೋಡೆ ಮೇಲೆ ಬರೆಸಬಹುದಾದ ಪದ ಮಾತ್ರ ಒಂದೋ ಎರಡೋ. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಮೊದಲ ಪತ್ರ ನೋಡದವರಿಗೆ ಎರಡು ಮಾತು. ಚಿಕ್ಕಬಳ್ಳಾಪುರದಲ್ಲಿ ನನ್ನ ತಮ್ಮನ ಸೈಕಲ್ ಅಂಗಡಿ ಇದೆ. ನಂದಿಬೆಟ್ಟ ಹತ್ತೋಕೆ ಬೆಂಗಳೂರಿನಿಂದ ಬರುವವರ ಸೈಕಲ್ ರಿಪೇರಿ ಮೊದಲಿಂದಲೂ ಇತ್ತು. ಈಗ ಊರಿನ ಹುಡುಗರೇ ಕಲ್ಲುದಾರಿಯಲ್ಲಿ ಬೆಟ್ಟ ಇಳಿಯೋಕೆ ಶುರು ಮಾಡಿದ್ದಾರೆ. ದುಬಾರಿ ಸೈಕಲ್ ಕೊಳ್ಳುವ ಶಕ್ತಿ ಅವರಿಗಿಲ್ಲ. ಇರುವ ಸೈಕಲ್ಲಿಗೇ ಒಂದೊಂದಾಗಿ ಒಳ್ಳೆ ಸಾಮಾನು ಹಾಕಿಸಿಕೊಳ್ಳುತ್ತಾರೆ. ಅವರಿಗಾಗಿ ಅಂಗಡಿ ಮುಂದೆ ಒಂದು ಸಾಲು, ಒಳಗೆ ಡಿಸ್ಕ್ (ಚಕ್ರದ ಜೊತೆ ತಿರುಗುವ, ಬ್ರೇಕ್ ಹಿಡಿಯುವ ಲೋಹದ ತಟ್ಟೆ; ಇಂಗ್ಲಿಷಿನಲ್ಲಿ ರೋಟರ್) ಹಾಕುವ ಕ್ರಮ ತೋರಿಸುವ ಒಂದು ಗೋಡೆಬರಹ, ಎರಡೂ ಕನ್ನಡದಲ್ಲಿ ಬೇಕು. ಅಷ್ಟೇ ನಾನು ಕೇಳಿದ್ದು.

ಹೊರಗಿನ ಸಾಲು ಹೆಚ್ಚುಕಡಿಮೆ ತೀರ್ಮಾನ ಆಯಿತು. ‘ಅಗ್ಗದ’ ಬೇಡ, ಅಗ್ಗ ಅಂದರೆ ಬೇಗ ಮುರಿಯೋದು ಅಂತಲೇ ಜನ ತಿಳಿಯುತ್ತಾರೆ. ‘ಸೋವಿ’ ನನಗೆ ಇಷ್ಟ, ನಮ್ಮಜ್ಜಿ ಬಾಯಲ್ಲಿ ದಿನಾ ಕೇಳಿದ ಮಾತು, ಆದರೆ ಹುಡುಗರಿಗೆ ಗೊತ್ತಿಲ್ಲ. ಕೋಲಾರದ ಗೆಳೆಯರು ಕೊಟ್ಟ ‘ಗಿಟ್ಟುವ ಬೆಲೆ’ ಚೆನ್ನಾಗಿದೆ. “ಬೆಟ್ಟ ಇಳಿಯುವ ಸೈಕಲ್ಲಿಗೆ ಗಿಟ್ಟುವ ಬೆಲೆಯ ಬಿಡಿಭಾಗಗಳು” ಅಂತ ಬರೆಸುತ್ತೇನೆ. ‘ಗಿರ್ಯವರೋಹಣ’ ಸೂಚಿಸಿದ ಹಿರಿಯರು ಕ್ಷಮಿಸಬೇಕು. ಅದನ್ನು ಓದಿ ಅಂಗಡಿಯೊಳಗೆ ಯಾರೂ ಬರುವುದಿಲ್ಲ.

ಈಗ ಒಳಗಿನ ಬರಹ. ಜಗಳ ಎದ್ದಿರೋದು ಅಲ್ಲೇ.

ರೋಟರಿಗೆ ತುಮಕೂರಿನ ಮೇಷ್ಟ್ರು ‘ತಿರುಗುಬಿಲ್ಲೆ’ ಅಂದರು. ಕುಂಟೆಬಿಲ್ಲೆ, ಜಡೆಬಿಲ್ಲೆ ಎಲ್ಲ ನೆನಪಿಸಿದರು. ದುಂಡಗೆ, ಚಪ್ಪಟೆಯಾಗಿ ಇರೋದೆಲ್ಲ ಬಿಲ್ಲೆ, ಒಪ್ಪಿದೆ. ಅಷ್ಟರಲ್ಲಿ ಇನ್ನೊಬ್ಬರು “ಬಿಲ್ಲೆ ತೆಲುಗಿನದು, ಕನ್ನಡದ್ದಲ್ಲ” ಎಂದು ಒಂದೇ ಸಾಲು ಬರೆದು ಹೋದರು. ಅಲ್ಲಿಂದ ಹನ್ನೆರಡು ಪತ್ರ ಅದರ ಮೇಲೆಯೇ ನಡೆದವು. ಬಾಗೇಪಲ್ಲಿ, ಚಿಂತಾಮಣಿ ಕಡೆ ಬಂದು ಒಂದು ದಿನ ಕೂತು ನೋಡಿ. ಒಂದೇ ಮನೆಯಲ್ಲಿ ಅಜ್ಜಿ ತೆಲುಗು, ಮೊಮ್ಮಗ ಕನ್ನಡ. ಬಿಲ್ಲೆ ಯಾರದು ಅಂತ ಅಲ್ಲಿ ಯಾರೂ ಕೇಳೋದಿಲ್ಲ. ಎರಡು ನುಡಿಗೂ ಸಲ್ಲುವ ಪದವನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆಗೆ ಕೊಟ್ಟರೆ ಯಾರಿಗೆ ಲಾಭ? ಆ ವಾದ ನನಗೆ ಬೇಡ.

ನಾನು ಬಿಲ್ಲೆ ಬಿಟ್ಟಿದ್ದಕ್ಕೆ ಕಾರಣ ಬೇರೆ. ಬೈಕ್ ಮೆಕ್ಯಾನಿಕ್ಕುಗಳು ಇದಕ್ಕೆ ಆಗಲೇ ಒಂದು ಹೆಸರು ಇಟ್ಟಿದ್ದಾರೆ: ಡಿಸ್ಕ್ ಪ್ಲೇಟು. “ಪ್ಲೇಟು ಬೆಂಡಾಗಿದೆ”, “ಪ್ಲೇಟು ಸವೆದಿದೆ”, “ಪ್ಲೇಟಿಗೆ ಎಣ್ಣೆ ತಾಗಿದೆ”. ಕೊನೆಗೆ ಉಕಾರ ಬಂದು, ವಿಭಕ್ತಿ ಹಚ್ಚಿಕೊಂಡು, ಎಲ್ಲರ ಬಾಯಲ್ಲೂ ಓಡಾಡುವ ಪದ ಅದು. ಹಾಗಾದರೆ ರೋಟರ್ ಅಂತಲೇ ಯಾಕೆ ಬರೆಯಬಾರದು ಎಂದು ಕೇಳಿದವರಿಗೆ ಉತ್ತರ: ನಮ್ಮದು ಬೋರ್‌ವೆಲ್ ಸೀಮೆ. ಇಲ್ಲಿ ರೋಟರ್ ಅಂದರೆ ಮೋಟಾರಿನ ಒಳಗೆ ತಿರುಗೋದು. ರೀವೈಂಡಿಂಗ್ ಅಂಗಡಿಗೆ ಒಂದು ಸಲ ಹೋಗಿ ಬಂದ ರೈತನಿಗೂ ಅದು ಗೊತ್ತು. ಸೈಕಲ್ ಅಂಗಡಿ ಗೋಡೆ ಮೇಲೆ ರೋಟರ್ ಅಂತ ಬರೆದರೆ ಅವರು ಬೇರೇನೋ ಅಂದುಕೊಳ್ಳುತ್ತಾರೆ.

‘ಮೌಂಟ್’ಗೆ ಹಿರಿಯರು ಕೊಟ್ಟಿದ್ದು ‘ಆರೋಹಣ’. ಬೇಡವೇ ಬೇಡ. ಆರೋಹಣ ಅಂದರೆ ಹತ್ತುವುದು. ಪ್ಲೇಟು ಹಬ್ಬಿನ (ಚಕ್ರದ ನಡುಭಾಗದ) ಮೇಲೆ ಹತ್ತುವುದಿಲ್ಲ. ‘ಅಳವಡಿಕೆ’ ತಪ್ಪಲ್ಲ, ಆದರೆ ಅದು ಕಚೇರಿ ಕಾಗದದ ಮಾತು. ನಮ್ಮ ಅಂಗಡಿಗಳಲ್ಲಿ ಇದಕ್ಕೆ ಪದ ಇದೆ, ಯಾರೂ ಹೊಸದಾಗಿ ಕಟ್ಟಬೇಕಾಗಿಲ್ಲ: ಕೂರಿಸು. ಬೇರಿಂಗ್ ಕೂರಿಸ್ತಾರೆ. “ಇನ್ನೂ ಸರಿಯಾಗಿ ಕೂತಿಲ್ಲ, ಸ್ವಲ್ಪ ತಟ್ಟು” ಅಂತಾರೆ. ಭಾದ್ರಪದದಲ್ಲಿ ಗಣಪತಿ ಕೂರಿಸುವುದೂ ಇದೇ ಮಾತು. ಒಂದು ವಸ್ತು ತನ್ನ ಜಾಗಕ್ಕೆ ಬಂದು, ಅಲುಗದೆ ನಿಲ್ಲುವುದು. ಹಳಗನ್ನಡದ ಕುಳ್ಳಿರ್ ಸವೆದು ಸವೆದು ಕೂರು ಆಯಿತು ಅಂತ ಈ ಪಟ್ಟಿಯಲ್ಲಿ ಯಾರಿಗೂ ಹೇಳಬೇಕಿಲ್ಲ. ಅದರಲ್ಲಿ ‘ಇರು’ ಅಡಗಿದೆ ಅನ್ನೋದೇ ನನಗೆ ಖುಷಿ. ಕೂತದ್ದು ಅಲ್ಲೇ ಇರಬೇಕು, ಬ್ರೇಕಿನ ವಿಷಯದಲ್ಲಂತೂ ಖಂಡಿತ.

ಈ ಪದಗಳ ಬಗ್ಗೆ ಇಷ್ಟು ಹಟ ಯಾಕೆ ಅಂತ ಒಬ್ಬರು ಕೇಳಿದ್ದಾರೆ. ಹೇಳುತ್ತೇನೆ. ಹೋದ ವರ್ಷ ನಾನೇ ಒಂದು ಚೀಟಿ ಬರೆದುಕೊಟ್ಟಿದ್ದೆ. ಬೋಲ್ಟು ಅನ್ನುವ ಕಡೆಯೆಲ್ಲ ‘ತಿರುಪು’ ಹಾಕಿದ್ದೆ. ಅಚ್ಚ ಕನ್ನಡ, ತಿರುಗಿಸುವುದರಿಂದ ತಿರುಪು, ಅಂತ ಹೆಮ್ಮೆಯಿತ್ತು. ಅಂಗಡಿಗೆ ಹೊಸದಾಗಿ ಸೇರಿದ ಹುಡುಗ ಚೀಟಿ ಓದಿಕೊಂಡು, ಚಪ್ಪಟೆ ಸ್ಕ್ರೂಡ್ರೈವರ್ ತಗೊಂಡು, ಬೋಲ್ಟಿನ ನಕ್ಷತ್ರದ ಗುಳಿಯೊಳಗೆ ತುರುಕಿ ತಿರುಗಿಸಿದ್ದಾನೆ. ಅಲ್ಲಿ ಬೇಕಾಗಿದ್ದು ಟಿ-25 ಸ್ಟಾರ್ ಕೀ. ಗುಳಿಯ ಆರು ಮೂಲೆಯೂ ಸವೆದು ದುಂಡಗಾಯಿತು. ನಾನು ಹೋದಾಗ ನೆಲದ ಮೇಲೆ ಬೆಳ್ಳಗೆ ಲೋಹದ ಪುಡಿ ಬಿದ್ದಿತ್ತು. ಹುಡುಗ ಚೀಟಿ ತೋರಿಸಿ, “ಅಣ್ಣಾ, ತಿರುಪು ಅಂದ್ರೆ ಸ್ಕ್ರೂನೇ ಅಲ್ವಾ?” ಅಂದ. ಅಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಆ ಒಂದು ಬೋಲ್ಟು ತೆಗೆಯೋಕೆ ಅರ್ಧ ದಿನ ಹಿಡಿಯಿತು. ಹುಡುಗನದು ಏನೂ ತಪ್ಪಿಲ್ಲ.

ಇನ್ನೊಂದು ‘ಬಿಗಿ ಮಾಡಿ’. ಪದ ಸರಿ, ಆದರೆ ಅದೊಂದೇ ಸಾಲದು. ಪ್ಲೇಟು ಕೂರಿಸುವ ರೀತಿ ಎರಡಿದೆ. ಒಂದು, ಹಬ್ಬಿಗೆ ಎಂ5 ಅಳತೆಯ ಆರು ಬೋಲ್ಟು ಹಾಕಿ ಕೂರಿಸುವುದು. ಇನ್ನೊಂದು ಶಿಮಾನೊ ಕಂಪನಿ ತಂದ ಸೆಂಟರ್‌ಲಾಕ್: ಪ್ಲೇಟಿನ ನಡುವೆ ಸುತ್ತಲೂ ಹಲ್ಲು ಇರುತ್ತವೆ, ಹಬ್ಬಿನ ಹಲ್ಲಿಗೆ ಸೇರಿಸಿ ಮೇಲೆ ಒಂದೇ ಉಂಗುರ ಬಿಗಿಯುವುದು. ಶಿಮಾನೊ ಹೇಳುವ ಪ್ರಕಾರ ಆ ಉಂಗುರಕ್ಕೆ 40 ನ್ಯೂಟನ್ ಮೀಟರ್ ಬಿಗಿ ಬೇಕು. ಆರು ಬೋಲ್ಟಿಗೆ ತಲಾ 2ರಿಂದ 4 ಸಾಕು. ಎರಡಕ್ಕೂ ಬರೀ ‘ಚೆನ್ನಾಗಿ ಬಿಗಿ ಮಾಡಿ’ ಅಂತ ಬರೆದರೆ ಒಂದರಲ್ಲಿ ಬೋಲ್ಟಿನ ಥ್ರೆಡ್ಡು ಕಿತ್ತುಹೋಗುತ್ತದೆ, ಇನ್ನೊಂದರಲ್ಲಿ ಪ್ಲೇಟು ಅಲುಗಾಡುತ್ತದೆ. ಹಾಗಾಗಿ ಗೋಡೆ ಮೇಲೆ ಅಂಕಿ ಹಾಕಿಸುತ್ತೇನೆ, ಬೇರೆ ಕಂಪನಿಯದಾದರೆ ಅವರ ಚೀಟಿ ನೋಡಿ ಅಂತಲೂ ಸೇರಿಸುತ್ತೇನೆ.

ಈ ಎರಡು ರೀತಿಗೆ ‘ಆರು ಬೋಲ್ಟಿನ ಪ್ಲೇಟು’, ‘ಹಲ್ಲಿನ ಪ್ಲೇಟು’ ಅಂತ ಇಟ್ಟಿದ್ದೇನೆ. ಸೆಂಟರ್‌ಲಾಕ್ ಕಂಪನಿ ಇಟ್ಟ ಹೆಸರು, ಹಾಗೇ ಇರಲಿ. ‘ನಡುಬೀಗ’ ಅಂದವರಿಗೆ: ಯಾರ ಹೆಸರನ್ನೂ ನಾವು ಅನುವಾದ ಮಾಡೋದಿಲ್ಲ ಅಲ್ವಾ? ದುಡ್ಡು ಎಣಿಸಿ ಕೊಳ್ಳುವ ಹುಡುಗರಿಗೆ ಈ ವ್ಯತ್ಯಾಸ ಗೊತ್ತಾಗಲೇಬೇಕು. ಆರು ಬೋಲ್ಟಿನ ಪ್ಲೇಟನ್ನು ಅಡಾಪ್ಟರ್ ಇಟ್ಟು ಹಲ್ಲಿನ ಹಬ್ಬಿಗೆ ಕೂರಿಸಬಹುದು. ಹಲ್ಲಿನ ಪ್ಲೇಟನ್ನು ಆರು ಬೋಲ್ಟಿನ ಹಬ್ಬಿಗೆ ಕೂರಿಸೋಕೆ ಹೋದರೆ ದುಡ್ಡು ದಂಡ.

ಇಲ್ಲಿವರೆಗೆ ಆದ ಬರಹ ಇದು (ಬಿಗಿಯ ಅಂಕಿ ಇನ್ನೂ ಸೇರಿಸಬೇಕು), ತಪ್ಪಿದ್ದರೆ ಹೇಳಿ:

“ಪ್ಲೇಟಿನ ಮೇಲಿನ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ಕಡೆಗೇ ಇರಲಿ. ಪ್ಲೇಟನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೈಜಿಡ್ಡು ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಆರು ಬೋಲ್ಟನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ಒಂದು ಬೋಲ್ಟು, ಅದರ ಎದುರಿನದು, ಹೀಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಹೊಸ ಶಿಮಾನೊ ಪ್ಲೇಟು 1.8 ಮಿ.ಮೀ. ದಪ್ಪ. ಸವೆದು 1.5ಕ್ಕೆ ಬಂದರೆ ಬದಲಾಯಿಸಿ. 160 ಮಿ.ಮೀ. ಅಡ್ಡಳತೆಯ ಪ್ಲೇಟು ಬಿಟ್ಟು 203 ಮಿ.ಮೀ. ಪ್ಲೇಟಿಗೆ ಹೋಗುವ ಮೊದಲು ನಿಮ್ಮ ಫೋರ್ಕು ಎಷ್ಟು ದೊಡ್ಡದನ್ನು ತಡೆಯುತ್ತದೆ ಅಂತ ಕೇಳಿ.”

ಇದರಲ್ಲಿ ಪ್ಲೇಟು, ಬೋಲ್ಟು, ಬ್ರೇಕು, ಫೋರ್ಕು ಹೊರಗಿನವು. ತಿರುಗು, ಮುಟ್ಟು, ತಾಗು, ಹಿಡಿ, ಕೂರಿಸು, ಬಿಗಿ, ಸವೆ, ತಡೆ ನಮ್ಮವು. ಕೆಲಸ ಹೇಳಿಕೊಡೋದು ಈ ಎರಡನೇ ಸಾಲಿನ ಪದಗಳು. ಮೊದಲ ಸಾಲನ್ನು ಹೊರಹಾಕಬೇಕು ಅನ್ನುವವರು ಪಾರ್ಸಿಯಿಂದ ಬಂದ ‘ರಸ್ತೆ’ಯನ್ನು ಇಷ್ಟು ವರ್ಷ ಯಾಕೆ ಸುಮ್ನೆ ಬಿಟ್ಟರು? ಇದಕ್ಕೆ ಉತ್ತರ ಬರೆಯುವವರು ದಯವಿಟ್ಟು ಬೇರೆ ಪತ್ರದಲ್ಲಿ ಬರೆಯಿರಿ, ಇದರಲ್ಲಿ ಬೇಡ.

ಒಂದೇ ಒಂದು ಅನುಮಾನ ಉಳಿದಿದೆ. ಸೆಂಟರ್‌ಲಾಕ್‌ನ ಆ ‘ಹಲ್ಲು’. ಹಲ್ಲು ಅಂದರೆ ಹುಡುಗರಿಗೆ ಮೊದಲು ಹೊಳೆಯೋದು ಚೈನು ಕಚ್ಚುವ ಹಲ್ಲು, ಹಿಂದಿನ ಚಕ್ರದಲ್ಲಿ ಅದೂ ಇದೆ. ‘ಕಚ್ಚು’ ಅನ್ನಬಹುದು, ‘ಕಚ್ಚಿನ ಪ್ಲೇಟು’ ಕಿವಿಗೂ ಹಿತ. ಆದರೆ ಕಚ್ಚು ಅಂದರೆ ತೋಡಿದ ಗುಳಿ, ಇಲ್ಲಿ ಗುಳಿಯೂ ಇದೆ, ಎದ್ದುನಿಂತ ಏಣೂ ಇದೆ. ಮರಗೆಲಸ, ಗಿರಣಿ, ಗಾಣ ನೋಡಿ ಬೆಳೆದವರು ಈ ಪಟ್ಟಿಯಲ್ಲಿ ಇದ್ದೀರಿ. ಒಂದರೊಳಗೊಂದು ಕೂರುವ ಇಂಥ ಸಾಲು ಏಣುಗಳಿಗೆ ನಿಮ್ಮ ಊರಲ್ಲಿ ಏನಂತಾರೆ? ವ್ಯುತ್ಪತ್ತಿ ಬೇಡ, ಬಾಯಲ್ಲಿ ಕೇಳಿದ ಪದ ಸಾಕು. ನಾಳೆ ಬೆಳಿಗ್ಗೆ ಹತ್ತೂವರೆ ಒಳಗೆ ಬಂದರೆ ಬರೆಸುತ್ತೇನೆ, ಇಲ್ಲದಿದ್ದರೆ ‘ಹಲ್ಲಿನ ಪ್ಲೇಟು’ ಅಂತಲೇ ಹೋಗುತ್ತದೆ.

ಚಿಕ್ಕಬಳ್ಳಾಪುರದಿಂದ